ಸೀಳುನಾಯಿಯ ಪಾಲು

ಇವರ ಕಿವಿ ಮಂದವಾಗಿದೆಯೆಂದು ನನಗೆ ಮೊದಲು ತಿಳಿದದ್ದು ಒಂದು ಲಾರಿಯಿಂದ.

ಠಾಣೆ–ಬೇಲಾಪುರ ರಸ್ತೆಯಲ್ಲಿ ಓಡುವ ಕೆಲವು ಹಳೆಯ ಲಾರಿಗಳಿಗೆ ಒಂದು ಬಗೆಯ ಹಾರ್ನ್ ಇರುತ್ತದೆ. ಎಳೆದು ಕೂಗುವುದಲ್ಲ, ಯಾರೋ ಒಮ್ಮೆ ಗಟ್ಟಿಯಾಗಿ ಅದುಮಿ ಬಿಟ್ಟ ಹಾಗೆ ‘ಢಾಂಕ್’ ಎಂದು ನಿಂತುಬಿಡುವುದು. ಆ ಸದ್ದು ಕೇಳಿದೊಡನೆ ಇವರು ಕೈಯಲ್ಲಿದ್ದುದನ್ನು ಹಾಗೆಯೇ ಹಿಡಿದು ತಲೆ ಎತ್ತುತ್ತಿದ್ದರು. ಒಂದು ಗಳಿಗೆ ಅಷ್ಟೇ. ಲಾರಿಯೆಂದು ಮನಸ್ಸಿಗೆ ಬಂದ ಮೇಲೆ ಮತ್ತೆ ಪೇಪರಿಗೆ ಮರಳುತ್ತಿದ್ದರು. ಮುಂಬಯಿಗೆ ಬಂದ ಹೊಸತರಲ್ಲಿ ನನ್ನ ಕಡೆ ನೋಡಿ ನಾಚಿಕೊಂಡು, ಕಡವೆ ಅಂತ ಎಣಿಸಿದೆ ಎನ್ನುತ್ತಿದ್ದರು. ವರ್ಷ ಕಳೆದಂತೆ ಹೇಳುವುದನ್ನು ಬಿಟ್ಟರು. ತಲೆ ಎತ್ತುವುದನ್ನು ಬಿಡಲಿಲ್ಲ.

ಹೋದ ದೀಪಾವಳಿಯ ಮರುದಿನ ಕೋಪರಖೈರಣೆಯ ನಮ್ಮ ಬಾಲ್ಕನಿಯಲ್ಲಿ ಇಬ್ಬರೂ ಕೂತಿದ್ದೆವು. ಕೆಳಗೆ ಅಂಥದೇ ಲಾರಿ ಕೂಗಿತು. ಇವರು ಕಿತ್ತಳೆಯ ಸಿಪ್ಪೆ ಬಿಡಿಸುತ್ತಲೇ ಇದ್ದರು. ತಲೆ ಎತ್ತಿದವಳು ನಾನು.

ನನ್ನ ಗಂಡ ಮುಂಡಪ್ಪನವರು ಚಾರ್ಮಾಡಿ ಘಾಟಿಯ ಬುಡದಲ್ಲಿ ಹುಟ್ಟಿದವರು. ಅಲ್ಲಿನ ಗಂಡಸರಿಗೆಲ್ಲ ಬೇಟೆಯ ಹುಚ್ಚು. ಇವರಿಗೆ ಸ್ವಲ್ಪ ಹೆಚ್ಚು. ಬೇಟೆ ನಿಲ್ಲಿಸುವ ಕಾನೂನು ಬರುವ ಮೊದಲಿನ ಮಾತು ಇದು. ನಾನು ಮಂಗಳೂರಿನಲ್ಲಿ ಬಿ.ಎ. ಓದಿ ಆ ಮನೆಗೆ ಸೊಸೆಯಾಗಿ ಬಂದ ಮೊದಲ ಸಂಜೆ ಗುಡ್ಡದ ಕಡೆಯಿಂದ ಒಂದು ಕೂಗು ಕೇಳಿ ಹೆದರಿ ಒಳಗೆ ಓಡಿದ್ದೆ. ಇವರು ಬಾಗಿಲಲ್ಲಿ ನಿಂತು, ಅದು ಕಡವೆ, ಎಮ್ಮೆ ಕರುವಿನಷ್ಟು ದೊಡ್ಡ ಜಿಂಕೆ, ಅದೇ ನಿನಗಿಂತ ಹೆಚ್ಚು ಹೆದರಿದೆ ಎಂದರು. ನಗಲಿಲ್ಲ. ಹೊಸ ಹೆಂಡತಿಯನ್ನು ನೋಡಿ ನಗದಿದ್ದ ಆ ಒಳ್ಳೆಯತನ ನನಗೆ ಇವತ್ತಿಗೂ ನೆನಪಿದೆ. ಆ ಕೂಗನ್ನು ನಾನು ಆಮೇಲೆ ಎಷ್ಟೋ ಸಂಜೆ ಕೇಳಿದೆ. ಕೇಳಿ ಅಭ್ಯಾಸವಾಗಿ, ಒಂದು ದಿನ ಕೇಳದಿದ್ದರೆ ಏನೋ ಮರೆತಂತೆ ಆಗುವ ಮಟ್ಟಕ್ಕೆ ಬಂದಿದ್ದೆ. ಮತ್ತೆ ಅದು ನಿಂತುಹೋಯಿತು. ಕೆಲವು ವರ್ಷಗಳಲ್ಲಿ ನಾವೂ ಊರು ಬಿಟ್ಟೆವು. ಶಹಾಡ್ ಸ್ಟೇಷನ್ನಿನ ಹತ್ತಿರ ಕಾರ್ಖಾನೆಯವರಿಗೆ ಊಟ ಹಾಕುವ ಕ್ಯಾಂಟೀನು ಹಿಡಿದೆವು. ಇವರು ಒಲೆಯ ಮುಂದೆ, ನಾನು ಗಲ್ಲಾದಲ್ಲಿ. ಅಲ್ಲಿಯೇ ವಯಸ್ಸಾಯಿತು. ಈಗ ಮಗ ಯೋಗೀಶನ ಜೊತೆ ಇಲ್ಲಿದ್ದೇವೆ.

ವಾಶಿಯ ಕಿವಿ ಡಾಕ್ಟರು ಒಳ್ಳೆಯ ಹುಡುಗಿ. ಇವರ ಎದುರಿಗೇ ಬಂದು ಕೂತು, ತುಟಿ ಕಾಣುವ ಹಾಗೆ ನಿಧಾನ ಮಾತಾಡಿದಳು. ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಬಲಗಿವಿಯಲ್ಲಿ ಇನ್ನೂ ಇದೆ, ಆದರೆ ಅದೂ ಬೇಗ ಇಳಿಯುತ್ತಿದೆ, ಈಗಲೇ ಮಿಷನ್ ಹಾಕಿ ಅಭ್ಯಾಸ ಮಾಡಿಕೊಂಡರೆ ಉಳಿದದ್ದು ಉಪಯೋಗಕ್ಕೆ ಬರುತ್ತದೆ ಎಂದಳು. ಯೋಗೀಶ ಅವತ್ತೇ ಮಿಷನ್ ತಂದ. ಇವರು ಅದನ್ನು ಡಬ್ಬಿಯಿಂದ ತೆಗೆಯಲಿಲ್ಲ.

ನಾನು ಎರಡು ಮೂರು ಸಲ ಹೇಳಿದ ಮೇಲೆ ಒಂದು ಸಂಜೆ ಬಾಯಿಬಿಟ್ಟರು. “ಇಲ್ಲಿ ಎಂತ ಕೇಳ್ಲಿಕ್ಕುಂಟು ಮಾರಾಯ್ತಿ? ರಿಕ್ಷಾದ ಹಾರ್ನ್, ಸೊಸೈಟಿಯವರ ಜಗಳ. ನಂಗೆ ಒಂದೇ ಒಂದು ಸದ್ದು ಬೇಕಿತ್ತು. ಕಿವಿ ಹೋಗುವ ಮುಂಚೆ ಒಂದು ಸಲ. ಅದು ವಾಶಿಯಲ್ಲಿ ಸಿಗುದಿಲ್ಲ.”

ಯಾವ ಸದ್ದು ಎಂದು ನಾನು ಕೇಳಲಿಲ್ಲ.

ಆ ಸದ್ದು ಎಲ್ಲಿ ಸಿಗುತ್ತದೆಂದು ಗೊತ್ತಿದ್ದವಳು ನಮ್ಮ ಮನೆಯಲ್ಲಿಯೇ ಇದ್ದಳು. ಮೊಮ್ಮಗಳು ಪ್ರಣೀತಾ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಠಾಣೆಯ ಯೇವೂರ್ ಗುಡ್ಡದ ಕಾಡಿನಲ್ಲಿ ಮರಗಳಿಗೆ ಕ್ಯಾಮೆರಾ ಕಟ್ಟಿ ಚಿರತೆಗಳ ಲೆಕ್ಕ ಇಡುವ ತಂಡದಲ್ಲಿ ಕೆಲಸ ಮಾಡುತ್ತಾಳೆ. ಆ ಕಾಡಿನಲ್ಲಿ ಕಡವೆಗಳಿವೆ. ಆದರೆ ಅಜ್ಜನಿಗೂ ಮೊಮ್ಮಗಳಿಗೂ ಫೆಬ್ರವರಿಯಿಂದ ಮಾತಿರಲಿಲ್ಲ.

ಅದು ಕೆಡ್ಡಸದ ದಿನ ನಡೆದದ್ದು. ಕೆಡ್ಡಸವೆಂದರೆ ನಮ್ಮ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ದಿನಗಳಲ್ಲಿ ಮಣ್ಣು ಅಗೆಯಬಾರದು, ಹಸಿ ಗಿಡ ಕೀಳಬಾರದು. ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ, ಅರಸಿನ ಬಿಡುತ್ತಾರೆ. ಮೂರನೆಯ ಮಾಳಿಗೆಯಲ್ಲಿ ನೆಲವೆಲ್ಲಿ? ನಾನು ತುಳಸಿಯ ಕುಂಡದ ಮಣ್ಣಿಗೇ ಬಿಡುತ್ತೇನೆ. ಆಮೇಲೆ ನನ್ಯರಿ ಮಾಡುತ್ತೇನೆ. ಕುಚ್ಚಲಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ಉಂಡೆ ಕಟ್ಟುವುದು.

ಹೆಂಗಸರಿಗೆ ಎಣ್ಣೆ ಹೇಗೋ ಗಂಡಸರಿಗೆ ಕೆಡ್ಡಸದಲ್ಲಿ ಬೇಟೆ ಹಾಗೆ. ಊರಿಗೆ ಊರೇ ಗುಡ್ಡ ಹತ್ತುತ್ತಿತ್ತು. ಪ್ರಣೀತಾ ಉಂಡೆ ತಿನ್ನುತ್ತಾ ಅಜ್ಜನನ್ನು ಕೇಳಿದಳು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಬೇಟೆಯ ಕತೆ ಹೇಳಿ ಎಂದು. ಇವರ ಮುಖ ಅರಳಿತು. ಪಾಲು ಹಾಕುವ ಪದ್ಧತಿಯನ್ನು ವಿವರವಾಗಿ ಹೇಳಿದರು. ಬಿದ್ದ ಕಡವೆಯನ್ನು ಎಲೆಯ ಮೇಲೆ ಪಾಲು ಮಾಡುವಾಗ ಗುಂಡು ಹೊಡೆದವನಿಗೆ ತೊಡೆ, ಗದ್ದಲ ಮಾಡಿ ಪ್ರಾಣಿಯನ್ನು ಸೋವಿದವರಿಗೆಲ್ಲ ಒಂದೊಂದು ಪಾಲು, ನಾಯಿಗಳಿಗೆ ಪಾಲು. ದಾರಿಯಲ್ಲಿ ಹೋಗುವ ಪರವೂರಿನವನು ಬಂದು ನಿಂತರೂ ಅವನಿಗೆ ಪಾಲು. ಯಾರ ಮನೆಯಲ್ಲಾದರೂ ಬಸುರಿ ಇದ್ದರೆ ಹೊಟ್ಟೆಯಲ್ಲಿದ್ದ ಮಗುವಿಗೂ ಬೇರೆ ಪಾಲು. ಅಲ್ಲಿದ್ದವರು ಯಾರೂ ಬರಿಗೈಯಲ್ಲಿ ಹೋಗಬಾರದು.

ಹಾಗಾದರೆ ಈಗ ಆ ಗುಡ್ಡದಲ್ಲಿ ಕಡವೆ ಯಾಕಿಲ್ಲ ಎಂದು ಕೇಳಿದಳು ಹುಡುಗಿ.

ಇವರು ಹೇಳಿದರು, ಸೀಳುನಾಯಿಗಳಿಂದ. ಸೀಳುನಾಯಿ ಎಂದರೆ ಕೆಂಪು ಬಣ್ಣದ ಕಾಡುನಾಯಿ, ಗುಂಪಿನಲ್ಲಿ ಬರುತ್ತದೆ. ನಮ್ಮ ಕಡೆಯ ಬೇಟೆಗಾರರಿಗೆ ಹುಲಿಯೆಂದರೆ ಭಯ, ಗೌರವ ಎರಡೂ ಇತ್ತು. ಚಿರತೆಯೆಂದರೆ ಸಿಟ್ಟು. ಸೀಳುನಾಯಿಯೆಂದರೆ ಬರೇ ಹೇಸಿಗೆ. ಅದು ಬದುಕಿರುವಾಗಲೇ ತಿನ್ನುತ್ತದೆ, ಅದಕ್ಕೆ ನೀತಿಯಿಲ್ಲ, ನಮ್ಮ ಕಡವೆಯನ್ನು ಕದಿಯುತ್ತದೆ ಎನ್ನುತ್ತಿದ್ದರು. ‘ನಮ್ಮ ಕಡವೆ’ ಎಂಬುದು ಎಲ್ಲರ ಬಾಯಲ್ಲಿ ಬರುತ್ತಿದ್ದ ಮಾತು. ಸೀಳುನಾಯಿ ಕೊಂದವನಿಗೆ ಆ ಕಾಲದಲ್ಲಿ ಸರಕಾರವೇ ಇನಾಮು ಕೊಡುತ್ತಿತ್ತು. ಇವರ ತಂಡ ಸತ್ತ ಕರುವಿಗೆ ಗದ್ದೆಯ ವಿಷ ಹಚ್ಚಿ ಗುಡ್ಡದಲ್ಲಿಟ್ಟು, ಒಂದು ಬೇಸಗೆಯಲ್ಲಿ ಇಡೀ ಗುಂಪನ್ನು ಮುಗಿಸಿತು. ಇದನ್ನು ಇವರು ಹುಡುಗಿಯ ಎದುರು, ಕಳ್ಳರನ್ನು ಓಡಿಸಿದ ಊರವರ ಕತೆಯಂತೆ, ಸಂಕೋಚವಿಲ್ಲದೆ ಹೇಳಿದರು.

ಪ್ರಣೀತಾ ಫೋನನ್ನು ಕೆಳಗಿಟ್ಟಳು. “ಏಕ್ ಮಿನಿಟ್ ಅಜ್ಜಾ. ನಾಯಿ ಸಬ್ ಮರ್ ಗಯೇ ಅಂದ್ರಿ. ಫಿರ್ ಕಡವೆ ವಾಪಸ್ ಬರ್ಬೇಕಲ್ಲ?”

“ಒಂದೆರಡು ವರ್ಷ ತುಂಬ ಬಂತು. ಮತ್ತೆ ಇಲ್ಲ. ಆ ದರಿದ್ರ ನಾಯಿ ಎಲ್ಲೋ ಉಳಿದಿರ್ಬೇಕು.”

ನಮ್ಮ ಮೊಮ್ಮಗಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಆದರೆ ಉತ್ತರ ಬರುವುದು ಹೆಚ್ಚಾಗಿ ಹಿಂದಿಯಲ್ಲಿ. ಮುಂದಿನ ಮಾತನ್ನು ಮಾತ್ರ ಚೊಕ್ಕ ಕನ್ನಡದಲ್ಲಿ ಹೇಳಿದಳು.

“ನಾಯಿ ಅಲ್ಲ ಅಜ್ಜಾ. ನೀವೇ ತಿಂದು ಮುಗಿಸಿದ್ದು.”

ಇವರು ಅರ್ಧ ಉಂಡೆಯನ್ನು ತಟ್ಟೆಯಲ್ಲಿಟ್ಟು ಎದ್ದು ಒಳಗೆ ಹೋದರು. ಅವಳಿಗೂ ಹಟ, ಕ್ಷಮೆ ಕೇಳಲಿಲ್ಲ. ನಿಜ ಹೇಳಿದ್ದಕ್ಕೆ ಸಾರಿ ಯಾಕೆ ಎಂದು ಅಡುಗೆಮನೆಯಲ್ಲಿ ನನ್ನ ಹತ್ತಿರ ವಾದ ಮಾಡಿದಳು.

ಮಾತಿಲ್ಲದಿದ್ದರೂ ಒಂದು ಮನೆಯಲ್ಲಿ ಇರುವವರಿಗೆ ಒಬ್ಬರನ್ನೊಬ್ಬರು ಪೂರ್ತಿ ಬಿಡಲು ಆಗುವುದಿಲ್ಲ. ಇವರು ದಿನಾ ಸಂಜೆ ಕಿತ್ತಳೆ ಸುಲಿದು, ನಾರು ಕೂಡ ತೆಗೆದು, ಅರ್ಧವನ್ನು ಅವಳ ಮೇಜಿನ ಮೇಲಿಟ್ಟು ಬರುತ್ತಿದ್ದರು. ಅವಳು ಮನೆಗೆ ಬಂದಾಗ ಏನೂ ಹೇಳದೆ ತಿನ್ನುತ್ತಿದ್ದಳು. ಟಿ.ವಿ. ನೋಡುವಾಗ ಅವಳು ಯಾವಾಗಲೂ ಅಜ್ಜನ ಬಲಗಡೆ ಬಂದು ಕೂರುವುದನ್ನು ನಾನು ಗಮನಿಸಿದೆ. ಬಾಯಿ ತೆರೆಯುತ್ತಿರಲಿಲ್ಲ. ಆದರೆ ತೆರೆದರೆ ಕೇಳಲಿ ಎಂದು ಸರಿಯಾದ ಕಿವಿಯ ಕಡೆಗೇ ಕೂರುವುದು.

ಮಾರ್ಚ್ ಮುಗಿಯುವಾಗ ನಾನು ಅವಳನ್ನು ಕೇಳಿದೆ. ಅಜ್ಜನಿಗೆ ಒಂದು ಸಲ ಕಡವೆಯ ಕೂಗು ಕೇಳಿಸಲು ಆಗುತ್ತದೋ ಎಂದೆ. ಅವಳು ಫೋನಿನಲ್ಲಿ ರೆಕಾರ್ಡಿಂಗ್ ಇದೆ, ಈಗಲೇ ಹಾಕುತ್ತೇನೆ ಎಂದಳು. ನಾನು ಬೇಡವೆಂದೆ. ಆ ಕೂಗು ಕೇಳಿಸುವಾಗ ಅದು ಅಲ್ಲಿ ಇದೆ ಎಂದು ಅವರಿಗೆ ಗೊತ್ತಿರಬೇಕು, ಅದಕ್ಕಾಗಿ ಅವರು ಕಾಯುತ್ತಿರುವುದು ಎಂದೆ. ಹುಡುಗಿ ಫೋನನ್ನು ಬದಿಗಿಟ್ಟಳು. ಮಿಷನ್ ಹಾಕಿಕೊಂಡರೆ ಕರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಷರತ್ತು ಹಾಕಿದಳು.

ಆ ಷರತ್ತನ್ನು ನಾನು ಇವರಿಗೆ ಮುಟ್ಟಿಸಿದೆ. ಇವರು ಯೇವೂರಿಗೆ ಮಾತ್ರ ಹಾಕುವುದು, ಮನೆಯಲ್ಲಿ ಇಲ್ಲ ಎಂದು ತಮ್ಮ ಷರತ್ತು ಕಳಿಸಿದರು. ಹೀಗೆ ನನ್ನ ಮೂಲಕ ಒಪ್ಪಂದವಾಯಿತು.

ಮೊದಲನೆಯ ಸಲ ಹೋದಾಗ ಕಡವೆ ಕೂಗಲಿಲ್ಲ. ಕಾಡಿನ ಅಂಚಿನಲ್ಲಿ ವಾರ್ಲಿ ಜನರ ಒಂದು ಪಾಡಾ ಇದೆ, ಹತ್ತಿಪ್ಪತ್ತು ಮನೆಗಳ ಕೇರಿ. ಅದರ ಕೊನೆಯ ಮನೆಯ ಹಿಂದೆ ಒಂದು ಬಂಡೆ, ಬಂಡೆಯ ಕೆಳಗೆ ಒಣಗಿದ ತೊರೆ, ಆಚೆ ಕಾಡು. ಆ ಮನೆಯ ಹೆಂಗಸು ಪ್ರಣೀತಾಳ ಪರಿಚಯದವಳು. ನಾವು ಕೇಳುವ ಮೊದಲೇ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದು, ಅದರ ಒಂದು ಕಾಲಿನ ಕೆಳಗೆ ಕಲ್ಲು ಕೊಟ್ಟು, ಅಲುಗಾಡದ ಹಾಗೆ ಮಾಡಿ ಇವರನ್ನು ಕೂರಿಸಿದಳು. ಮಂಗಗಳು ಕೂಗಿದವು, ಒಂದು ನವಿಲು ಕೂಗಿತು. ಬೆಳಕು ಇಳಿಯುವಾಗ ಎದ್ದು ಬಂದೆವು. ಟ್ರೇನಿನಲ್ಲಿ ಇವರು ಮಿಷನ್ ತೆಗೆದು ಡಬ್ಬಿಯಲ್ಲಿಟ್ಟು, ಇನ್ನು ಸಾಕು ಎಂದರು. ಡಾಕ್ಟರ ಹತ್ತಿರ ಮತ್ತೆ ಹೋದಾಗ ಬಲಗಿವಿ ಇನ್ನಷ್ಟು ಇಳಿದಿತ್ತು.

ಎರಡನೆಯ ಸಲ ಹೊರಡಿಸಿದವಳು ಪ್ರಣೀತಾ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಫೋನ್ ಮಾಡಿ, ಅಜ್ಜಿ, ನಿನ್ನೆ ಮೊನ್ನೆ ಪಾಡಾದ ಹಿಂದಿನ ಕ್ಯಾಮೆರಾದಲ್ಲಿ ಚಿರತೆ ಸಿಕ್ಕಿದೆ, ಇವತ್ತೇ ಹೊರಡಿ, ಠಾಣೆ ಸ್ಟೇಷನ್ನಿನ ಹೊರಗೆ ನಿಂತಿರುತ್ತೇನೆ ಎಂದಳು. ಚಿರತೆ ಬಂದರೆ ನಮಗೇನು, ನಮಗೆ ಬೇಕಾದದ್ದು ಕಡವೆ ಎಂದೆ ನಾನು. ಚಿರತೆ ಇದ್ದರೆ ತಾನೇ ಕಡವೆ ಕೂಗುವುದು ಎಂದಳು.

ಆ ಮಾತನ್ನು ಇವರಿಗೆ ಗಟ್ಟಿಯಾಗಿ ಹೇಳಿದೆ. ಷರಟು ಹಾಕಿಕೊಳ್ಳುತ್ತಿದ್ದವರು ಒಂದು ತೋಳು ಹಾಕಿ ನಿಂತರು. ಗೊತ್ತಿಲ್ಲದ ವಿಷಯವೇನಲ್ಲ. ಕಡವೆಯ ಆ ಕೂಗು ಹುಲಿ, ಚಿರತೆ, ಸೀಳುನಾಯಿಯ ವಾಸನೆ ಸಿಕ್ಕಾಗಿನ ಎಚ್ಚರಿಕೆಯ ಕೂಗು ಎಂಬುದು ಯಾವ ಬೇಟೆಗಾರನಿಗೆ ಗೊತ್ತಿಲ್ಲ? ನಾನು ಸೊಸೆಯಾಗಿ ಬಂದ ಸಂಜೆ ‘ಅದು ಹೆದರಿದೆ’ ಎಂದವರು ಇವರೇ. ಆದರೆ ಯಾವುದಕ್ಕೆ ಹೆದರಿದೆ ಎಂಬ ಕಡೆಗೆ ಇವರ ಮನಸ್ಸು ಐವತ್ತು ವರ್ಷದಲ್ಲಿ ಹೋಗಿರಲಿಲ್ಲವೆಂದು ಕಾಣುತ್ತದೆ. ಇನ್ನೊಂದು ತೋಳನ್ನೂ ಹಾಕಿಕೊಂಡು, ನನ್ಯರಿ ಉಂಡೆ ಮಾಡಲು ಹೊತ್ತುಂಟಾ ಎಂದು ಕೇಳಿದರು. ಹುರಿದ ಅಕ್ಕಿಪುಡಿ ಡಬ್ಬಿಯಲ್ಲಿ ಉಳಿದಿತ್ತು. ಬೆಲ್ಲ ಕಲಸಿ ನಾಲ್ಕು ಉಂಡೆ ಕಟ್ಟಿದೆ.

ಠಾಣೆಯಲ್ಲಿ ಪ್ರಣೀತಾ ಹಿಡಿದ ರಿಕ್ಷಾದ ಡ್ರೈವರು ಕಲಬುರಗಿ ಕಡೆಯವನು, ಹೆಸರು ಮಾಪಣ್ಣ. ನಾವು ತುಳು ಕನ್ನಡ ಬೆರೆಸಿ ಮಾತಾಡುವುದನ್ನು ಕೇಳಿ ಕನ್ನಡದವರಾ ಎಂದು ಖುಷಿಯಾದ. ಗುಡ್ಡದ ಮೇಲೆ ಎಲ್ಲಿಗೆ ಎಂದು ಕೇಳಿ, ಚಿರತೆಯ ವಿಷಯ ತಿಳಿದು, ಕತ್ತಲಾಗುವ ಮೊದಲು ಗುಡ್ಡ ಇಳಿಯುತ್ತೀರಲ್ಲ ಎಂದು ಎರಡು ಸಲ ಖಾತ್ರಿ ಮಾಡಿಕೊಂಡ. ಮತ್ತೆ ಅಪ್ಪನ ಕತೆ ಶುರು ಮಾಡಿದ.

“ನಮ್ಮಪ್ಪ ಕುರಿ ಕಾಯಾಂವ್ರಿ ಅಜ್ಜಾರ. ತೋಳದ ಕಾಟ ಭಾಳ ಇತ್ತು. ಕಡೀಕ ಬ್ಯಾಸತ್ತು ಎಲ್ಲಾರೂ ಕೂಡಿ ಗವಿಗೆ ಹೊಗಿ ಹಾಕಿ ಮರಿ ಸುದ್ದಾ ಮುಗಿಸಿಬಿಟ್ರು. ತೋಳಾ ಹೋದ್ವು ನೋಡ್ರಿ, ಚಿಗರಿ ಹಿಂಡುಗಟ್ಟಲೆ ಬಂದು ಜ್ವಾಳದ ಹೊಲಾ ನುಂಗಿದ್ವು. ಆಮ್ಯಾಲ ನಮ್ಮಪ್ಪ ಚಿಗರಿಗೂ ಬೈಯಾಕ ಹತ್ತಿದ.”

ಪ್ರಣೀತಾ ನಕ್ಕುಬಿಟ್ಟಳು. ಇವರು ನಗಲಿಲ್ಲ. ಮಿಷನ್ ಇದ್ದ ಕಿವಿಯನ್ನು ಮುಂದಕ್ಕೆ ಚಾಚಿ ಕೇಳುತ್ತಿದ್ದರು. “ಮತ್ತೆ ನೀವು ಚಿಗರಿ ಹೊಡೀಲಿಲ್ವಾ?”

“ಬಂದೂಕ ಎಲ್ಲಿತ್ರಿ ನಮ್ಮಂತೇಕ? ಕೋಲು ಹಿಡ್ಕೊಂಡು ಅರಚೋದು ಅಷ್ಟ.”

ರಿಕ್ಷಾ ಏರು ಹತ್ತುತ್ತಿತ್ತು. ಎದುರಿನಿಂದ ಮೋಟಾರ್ ಸೈಕಲ್ಲುಗಳ ಗುಂಪೊಂದು ಗುಡುಗುತ್ತಾ ಇಳಿಯಿತು. ಇವರು ಮುಖ ಕಿವುಚಿ ಮಿಷನ್ ಕಿತ್ತು ಷರಟಿನ ಜೇಬಿಗೆ ಹಾಕಿದರು. ಪಾಡಾ ಬರುವವರೆಗೆ ಮತ್ತೆ ಮಾತಿಲ್ಲ. ಆ ಮೌನ ಸಿಟ್ಟಿನದಲ್ಲವೆಂದು ನನಗೆ ತಿಳಿಯಿತು. ಕ್ಯಾಂಟೀನಿನಲ್ಲಿ ಒಮ್ಮೆ ಸಾಂಬಾರು ಕೆಟ್ಟಾಗ, ಯಾರ ಕೈ ತಪ್ಪು ಎಂದು ಹುಡುಗರನ್ನು ಬೈದು ಬೈದು, ಕೊನೆಗೆ ಬೇಳೆ ನೆನೆಹಾಕಿದ್ದು ತಾವೇ ಎಂದು ನೆನಪಾದಾಗ ಹೀಗೆಯೇ ಸೌಟು ಹಿಡಿದು ನಿಂತಿದ್ದರು.

ಪಾಡಾದ ಕೊನೆಯ ಮನೆ ಬರುವ ಮೊದಲೇ ಮಾಪಣ್ಣ ಇಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಗಾಡಿಯನ್ನು ಉರುಳಿಸಿಕೊಂಡು ಬಂದು ನಿಲ್ಲಿಸಿದ. ಯಾರೂ ಹೇಳಿರಲಿಲ್ಲ. ಅವನನ್ನು ಗಾಡಿಯಲ್ಲಿ ಒಬ್ಬನೇ ಬಿಟ್ಟರೆ ಹೆದರುತ್ತಾನೆಂದು ಪ್ರಣೀತಾ ಅವನನ್ನೂ ಬಂಡೆಯ ಹತ್ತಿರ ಕರೆದಳು. ಅವನು ನಮ್ಮ ನಡುವೆ, ಕಾಡಿಗೆ ಆದಷ್ಟು ದೂರವಾಗಿ ಕೂತ. ಮನೆಯ ಹೆಂಗಸು ಈ ಸಲವೂ ಕುರ್ಚಿ ತಂದಳು, ಅದೇ ಕಾಲಿನ ಕೆಳಗೆ ಅದೇ ಕಲ್ಲು.

ಬಿಸಿಲು ಹಳದಿಯಾಗಿ ಮರಗಳ ತುದಿಗೆ ಹತ್ತಿತ್ತು. ತೊರೆಯ ಆಚೆ ಒಣಗಿದ ಎಲೆಗಳ ರಾಶಿ. ಕೆಳಗೆ ದೂರದಲ್ಲಿ ಠಾಣೆಯ ಕಟ್ಟಡಗಳು ಧೂಳಿನಲ್ಲಿ ನಿಂತಿದ್ದವು. ಪ್ರಣೀತಾ ಅಜ್ಜನ ಬಲಗಡೆ ಬಂಡೆಯ ಮೇಲೆ ಕೂತಳು.

ಇವರು ಎದುರಿಗೇ ನೋಡುತ್ತಾ ಹೇಳತೊಡಗಿದರು. ಹೇಳಿದ್ದು ಅವಳಿಗೆ. ಕೆಡ್ಡಸದ ನಂತರ ಅವಳಿಗೆ ಆಡಿದ ಮೊದಲ ಮಾತು.

“ಒಂದು ಕೆಡ್ಡಸಕ್ಕೆ ನಮಗೆ ಎಂತದೂ ಸಿಕ್ಕಲಿಲ್ಲ. ನಿನ್ನ ಅಜ್ಜಿ ಬಸುರಿ. ಹೊಟ್ಟೆಯಲ್ಲಿ ನಿನ್ನ ಅಪ್ಪ. ಅವಳಿಗೆ ಕಡವೆಯ ಮಾಂಸದ ಆಸೆ. ಬರಿಗೈಯಲ್ಲಿ ಮನೆಗೆ ಬಂದ್ರೆ ಅಡುಗೆಮನೆಯಲ್ಲಿ ಮಾಂಸ ಬೇಯ್ತಾ ಉಂಟು. ಕೆಲಸಕ್ಕೆ ಬರ್ತಿದ್ದ ನಾಗವೇಣಿ ತಂದದ್ದು. ಯಾರ ಬೆಡಿ, ಯಾರು ಗುಂಡು ಹೊಡೆದದ್ದು ಅಂತ ಕೇಳಿದೆ. ‘ತಿನ್ನಿ ಸುಮ್ಮನೆ’ ಅಂದಳು.”

ನನಗೂ ಆ ಸಂಜೆ ನೆನಪಿದೆ. ಯಾರೋ ಬೇಟೆಯ ಪಾಲು ಕಳಿಸಿದ್ದಾರೆಂದು ನಾನು ತಿಳಿದಿದ್ದೆ. ಮೊದಲ ತುತ್ತನ್ನು ಇವರೇ ನನ್ನ ತಟ್ಟೆಗೆ ಹಾಕಿದ್ದರು.

“ನಂಗೆ ನೋಡಿದ ಕೂಡ್ಲೇ ಗೊತ್ತಾಗಿತ್ತು,” ಎಂದರು ಇವರು. “ಬದಿಯಲ್ಲಿ ಇಟ್ಟಿದ್ದ ಹಸಿ ತೊಡೆಯಲ್ಲಿ ಗುಂಡಿನ ಗಾಯ ಇರಲಿಲ್ಲ. ಹಲ್ಲಿನ ಗುರುತಿತ್ತು. ಸೀಳುನಾಯಿ ಹೊಡೆದು ಬಿಟ್ಟುಹೋದ ಕಡವೆ. ಬಡವರು ಹಾಗೆ ತರ್ತಿದ್ದರು. ನಾಯಿಗಳು ತಿಂದು ಹಿಂದೆ ಸರಿಯುವವರೆಗೆ ಕಾದು, ಉಳಿದ ತೊಡೆ ತರುದು. ನಾಯಿಗಳು ಮೇಲೆ ಬೀಳುದಿಲ್ಲ, ದೂರ ನಿಂತು ನೋಡ್ತವೆ. ಅದನ್ನೇ ನಿನ್ನ ಅಪ್ಪನ ಪಾಲಿಗೆ ಹಾಕಿದ್ದು ನಾನು. ತಿಂದು ಕೈತೊಳೆದು, ಅದೇ ಬೇಸಗೆಗೆ ಹೋಗಿ ವಿಷ ಇಟ್ಟೆ.”

ನಾನು ಪ್ರಣೀತಾಳ ಕಡೆ ನೋಡಿದೆ. ಗೆದ್ದವಳ ಮುಖವಿರಲಿಲ್ಲ ಅವಳದು.

“ಮುಂದಿನ ಎರಡು ಕೆಡ್ಡಸ ಕಡವೆ ಹೇಗೆ ಬಂತು ಗೊತ್ತುಂಟಾ? ಹೊಡೆದದ್ದೇ ಹೊಡೆದದ್ದು. ಪಾಲು ಮಾಡಿ ಮುಗಿಯುದಿಲ್ಲ. ಒಂದೂ ಕೂಗ್ತಿರಲಿಲ್ಲ, ಸುಮ್ಮನೆ ಬಂದು ನಿಲ್ತಿತ್ತು. ನಾವು ಎಣಿಸಿದ್ದು, ಇನ್ನು ಯಾವಾಗಲೂ ಹೀಗೇ ಅಂತ.” ಸ್ವಲ್ಪ ತಡೆದರು. “ದಾರಿಯಲ್ಲಿ ಹೋಗುವವನಿಗೂ ಪಾಲಿಟ್ಟೆವು ಮಗಾ. ಆ ನಾಯಿಗಳಿಗೆ ಇಡ್ಲಿಲ್ಲ.”

ಮಾಪಣ್ಣ ಮಂಡಿ ತಬ್ಬಿಕೊಂಡು ಕೇಳುತ್ತಿದ್ದ.

ಆಗ ಕೂಗಿತು.

ತೊರೆಯ ಆಚೆಯ ಇಳಿಜಾರಿನಿಂದ, ಬಲಗಡೆಗೆ. ‘ಢಾಂಕ್.’ ಒಂದೇ ಸಲ, ದಪ್ಪವಾಗಿ, ಗುಡ್ಡಕ್ಕೆ ಬಡಿದು ನಿಂತಿತು. ನನ್ನೊಳಗಿನ ಇಪ್ಪತ್ತು ವರ್ಷದ ಸೊಸೆ ಬಾಗಿಲ ಕಡೆ ಓಡಿದಳು, ಬಾಗಿಲಲ್ಲಿ ಇವರು ನಿಂತಿದ್ದರು, ಎಲ್ಲವೂ ಒಂದು ಕ್ಷಣದಲ್ಲಿ ಬಂದು ಹೋಯಿತು. ನಾನು ಇವರ ಕಡೆ ತಿರುಗಿದೆ.

ಇವರು ಮೊದಲಿನ ಹಾಗೆಯೇ ಎದುರಿಗೆ ನೋಡುತ್ತಿದ್ದರು. ಮಿಷನ್ ಜೇಬಿನಲ್ಲಿತ್ತು.

ಹತ್ತಿರ ಕೂತು ಗಟ್ಟಿಯಾಗಿ ಆಡಿದ ಮಾತು ಆ ಬಲಗಿವಿಗೆ ಇನ್ನೂ ತಲುಪುತ್ತಿತ್ತು. ಕಾಡಿನ ಆಚೆಯ ಕೂಗು ತಲುಪಲಿಲ್ಲ. ನಮ್ಮ ಮೂವರ ಮುಖ ನೋಡಿ ಇವರಿಗೆ ಗೊತ್ತಾಯಿತು. “ಕೂಗಿತಾ?” ಎಂದರು. ಆ ಒಂದು ಮಾತಿನಲ್ಲಿ ಎಷ್ಟು ಆಸೆ, ಎಷ್ಟು ಸಂಕಟ ಇತ್ತೋ. ಜೇಬಿಗೆ ಕೈ ಹಾಕಿದರು, ಅವಸರದಲ್ಲಿ ಮಿಷನ್ ಸಿಗಲಿಲ್ಲ. ಪ್ರಣೀತಾ ಅವರ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ತಾನೇ ತೆಗೆದು, ಅದರ ಮೇಲಿನ ನೂಲು ಊದಿ, ಮಗುವಿಗೆ ಓಲೆ ಹಾಕುವ ಹಾಗೆ ಅಜ್ಜನ ಕಿವಿಗೆ ಕೂರಿಸಿದಳು.

“ಮತ್ತೆ ಕೂಗ್ತದಾ?” ಇವರು ಪಿಸುಗುಟ್ಟಿದರು.

“ಚಿರತೆ ಅಲ್ಲೇ ಇದ್ರೆ ಕೂಗ್ತದೆ. ನಿಕಲ್ ಗಯಾ ತೋ ನಹೀ.”

ಇವರು ಕಣ್ಣು ಮುಚ್ಚಿಕೊಂಡರು. ತುಟಿ ಅಲುಗುತ್ತಿತ್ತು. ನಾನು ಬಗ್ಗಿ ಕಿವಿಗೊಟ್ಟೆ. “ಪಿಲಿ, ಪೋವಡ. ಉಂತು ಮಾರಾಯಾ, ಒಂತೆ ಉಂತು,” ಎನ್ನುತ್ತಿದ್ದರು. ಪಿಲಿಯೆಂದರೆ ಹುಲಿ, ಚಿರತೆಗೂ ಅದೇ ಹೆಸರು; ಹೋಗಬೇಡ, ನಿಲ್ಲು, ಸ್ವಲ್ಪ ನಿಲ್ಲು ಎಂದು. ಹುಲಿ ಚಿರತೆಗಳು ತೊಲಗಲಿ ಎಂದು ದೈವಕ್ಕೆ ಹರಕೆ ಹೊತ್ತ ಮನೆತನದವರು ಇವರು. ನಾನೂ ನನ್ನ ಮನಸ್ಸಿನಲ್ಲಿ, ಕಾಣದ ಆ ಪ್ರಾಣಿಗೆ, ನಿಲ್ಲಪ್ಪಾ ಎಂದೆ. ಹೆದರಿ ಕೂತಿದ್ದ ಮಾಪಣ್ಣನೂ ಕೈ ಜೋಡಿಸಿದ್ದ. ಯಾವುದಕ್ಕೆಂದು ನಾನು ಕೇಳಲಿಲ್ಲ.

ಬೆಳಕು ಮರದ ತುದಿ ಬಿಟ್ಟಿತು. ಪಾಡಾದಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಬಂತು. ಮನೆಯ ಹೆಂಗಸು ಅಲ್ಲಿಗೆ ಹೋಗಿ ಏನೋ ಹೇಳಿರಬೇಕು, ಆ ಸದ್ದು ನಿಂತಿತು.

ಢಾಂಕ್.

ಇವರು ತಲೆ ಎತ್ತಿದರು. ಲಾರಿಯ ಹಾರ್ನಿಗೆ ಎತ್ತುತ್ತಿದ್ದ ಹಾಗೆಯೇ, ಕೈಯಲ್ಲಿದ್ದುದನ್ನು ಹಾಗೆಯೇ ಹಿಡಿದು. ಈ ಸಲ ಕೈಯಲ್ಲಿದ್ದದ್ದು ಮೊಮ್ಮಗಳ ಕೈ. ಎತ್ತಿದ ತಲೆಯನ್ನು ಇಳಿಸಲಿಲ್ಲ. ಇನ್ನೊಂದು ಕೂಗು ಬಂತು, ಒಣ ಎಲೆಯ ಮೇಲೆ ಗೊರಸು ಬಡಿದ ಸದ್ದು ಬಂತು, ಮತ್ತೆ ಎಲ್ಲ ನಿಶ್ಶಬ್ದವಾಯಿತು. ಇವರ ಕೆನ್ನೆಯ ಮೇಲೆ ಕಣ್ಣೀರು ಇಳಿದು ಗಡ್ಡದಲ್ಲಿ ನಿಂತಿತ್ತು. ಒರೆಸಿಕೊಳ್ಳಬೇಕೆಂದು ಅವರಿಗೆ ತೋಚಲಿಲ್ಲ.

ತುಂಬ ಹೊತ್ತಿನ ಮೇಲೆ ಉಂಡೆಯ ಡಬ್ಬಿ ಕೊಡು ಎಂದರು. ಮುಚ್ಚಳದ ಮೇಲೆ ನಾಲ್ಕು ಉಂಡೆಗಳನ್ನಿಟ್ಟು, ಒಂದೊಂದರಿಂದ ಸ್ವಲ್ಪ ಸ್ವಲ್ಪ ಮುರಿದು ಕೂಡಿಸಿ ಐದನೆಯದೊಂದು ಚಿಕ್ಕ ಉಂಡೆ ಕಟ್ಟಿದರು. ಮೊದಲನೆಯ ಪಾಲು ಮಾಪಣ್ಣನಿಗೆ ಹೋಯಿತು, ಪರವೂರಿನವನು, ಬಂದು ಜೊತೆಗೆ ನಿಂತವನು. ಎರಡನೆಯದು ಕುರ್ಚಿ ಕೊಟ್ಟ ಹೆಂಗಸಿಗೆ. ಮೂರನೆಯದು ಮೊಮ್ಮಗಳಿಗೆ. ನಾಲ್ಕನೆಯದನ್ನು ಮುರಿದು ನನಗೆ ಅರ್ಧ ಕೊಟ್ಟು ಅರ್ಧ ತಾವು ಇಟ್ಟುಕೊಂಡರು. ಐದನೆಯದನ್ನು ಹಿಡಿದು ಕುರ್ಚಿಯಿಂದ ಎದ್ದು ಬಂಡೆಯ ಅಂಚಿಗೆ ಹೋಗಿ ಬಗ್ಗಿದರು.

ಪ್ರಣೀತಾ ತೋಳು ಹಿಡಿದಳು. “ಅಜ್ಜಾ, ಜಂಗಲ್‌ನಲ್ಲಿ ತಿಂಡಿ ಇಡಬಾರದು. ಅಲೌಡ್ ಇಲ್ಲ. ಪ್ರಾಣಿಗಳಿಗೆ ಒಳ್ಳೇದಲ್ಲ.”

ಇವರು ಬಗ್ಗಿದವರು ಹಾಗೆಯೇ ನಿಂತು ಯೋಚಿಸಿದರು. ಅವಳ ಮಾತನ್ನು ಮೀರುವ ಮನಸ್ಸಿಲ್ಲ, ಪಾಲು ಇಡದೆ ಬರುವ ಮನಸ್ಸೂ ಇಲ್ಲ. ಕೊನೆಗೆ ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಹಾಗಾದ್ರೆ ನೀನೇ ತಿನ್ನು. ಆದ್ರೆ ಇದು ನಿನ್ನ ಪಾಲಲ್ಲ, ನೆನಪಿರ್ಲಿ.”

“ಕಿಸ್‌ಕಾ ಹೈ?”

“ನಾವು ಇಡದೆ ಬಿಟ್ಟವುಗಳದ್ದು.”

ಅವಳು ತಿಂದಳು. ತನ್ನ ಪಾಲನ್ನು ತಿನ್ನುವಾಗ ಗಬಗಬ ತಿಂದವಳು ಇದನ್ನು ನಿಧಾನವಾಗಿ, ಒಂದು ಹುಡಿ ಬೀಳದ ಹಾಗೆ ಕೆಳಗೆ ಕೈ ಹಿಡಿದು ತಿಂದಳು.

ರಿಕ್ಷಾ ಇಳಿಯುವಾಗ ಇವರು ಹಿಂದಿನ ಸಣ್ಣ ಪ್ಲಾಸ್ಟಿಕ್ ಕಿಟಕಿಯ ಕಡೆಗೆ ಬಲಗಿವಿ ಕೊಟ್ಟು ಓರೆಯಾಗಿ ಕೂತಿದ್ದರು. ಕೆಳಗೆ ಗದ್ದಲ ಹೆಚ್ಚುತ್ತಾ ಬಂತು. ಸಿಗ್ನಲ್ಲಿನಲ್ಲಿ ಬಸ್ಸೊಂದು ಪಕ್ಕದಲ್ಲೇ ಹಾರ್ನ್ ಹೊಡೆದಾಗ ಬೆಚ್ಚಿಬಿದ್ದರು. ಮಿಷನ್ ತೆಗೆದು ಜೇಬಿಗೆ ಹಾಕಿಕೊಳ್ಳಿ, ಇನ್ನೇನು ಸ್ಟೇಷನ್ ಬಂತು ಎಂದೆ ನಾನು.

ಬೇಡವೆಂದು ಕೈ ಆಡಿಸಿದರು. “ಇರಲಿ. ಇನ್ನೊಂದು ಸಲ ಕೂಗಿದ್ರೆ?”

ಗುಡ್ಡ ಬಿಟ್ಟು ನಾವು ಬಹಳ ದೂರ ಬಂದಿದ್ದೆವು.